ಜಾವಾದಲ್ಲಿ ಹ್ಯಾಶ್‌ಸೆಟ್ ಕಟ್ಟೋಕೆ ಇಷ್ಟೊಂದು ದಾರಿ, ಯಾವಾಗ ಯಾವುದು?

ಸ್ಪೆಲ್‌ಚೆಕ್ಕರ್ ಒಂದು ಮಾಡೋಣ ಅಂತ ಬಿಡುವಿದ್ದಾಗಲೆಲ್ಲ ಕನ್ನಡ ಪದಗಳನ್ನು ಕೂಡಿಹಾಕುತ್ತಾ ಬಂದಿದ್ದೆ. ಹತ್ತಾರು ಫೈಲು, ಒಂದೇ ಪದ ಐದಾರು ಕಡೆ. ಒಂದು ಪದ ಒಂದೇ ಸಲ ಇರಬೇಕು ಅಂದರೆ ಜಾವಾ ಬರೆಯುವ ಯಾರಾದರೂ ಮೊದಲು ಕೈ ಹಾಕುವುದು ಹ್ಯಾಶ್‌ಸೆಟ್‌ಗೆ, ಅಂದರೆ ಒಂದೇ ಸಾಮಾನನ್ನು ಎರಡು ಸಲ ಇಟ್ಟುಕೊಳ್ಳದ ಸಂಗ್ರಹಕ್ಕೆ. ನಾನೂ ಹಾಕಿದೆ. ಕೋಡ್ ನೋಡಿದ ಗೆಳೆಯ ಕೇಳಿದ: "ಅಲ್ಲಯ್ಯಾ, ಬ್ರಾಕೆಟ್ ಒಳಗೆ ಒಂದು ಲಕ್ಷ ಅಂತ ಯಾಕೆ ಬರೆದಿದ್ದೀಯ?" ಲಕ್ಷ ಪದ ಬರುತ್ತಲ್ಲ, ಅದಕ್ಕೆ ಅಂದೆ. ಅವನು ಸುಮ್ನೆ ನಕ್ಕ. ಆ ನಗು ಯಾಕೆ ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಅವಸರ ಇದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸೇರಿಸುವುದು ತೆಗೆಯುವುದು ಇದ್ದರೆ ಬ್ರಾಕೆಟ್ ಖಾಲಿ ಬಿಟ್ಟ ಮಾಮೂಲಿ ಹ್ಯಾಶ್‌ಸೆಟ್ ಸಾಕು. ಕಟ್ಟಿದ ಮೇಲೆ ಮುಟ್ಟುವುದೇ ಇಲ್ಲ ಅಂದರೆ ಸೆಟ್.ಆಫ್ ಅಥವಾ ಸೆಟ್.ಕಾಪಿಆಫ್. ಉಳಿದದ್ದೆಲ್ಲ ವಿಶೇಷ ಸಂದರ್ಭಗಳು. ಆದರೆ ಬಗ್ ಹುಟ್ಟುವುದು ಆ ವಿಶೇಷ ಸಂದರ್ಭಗಳಲ್ಲೇ, ಅಲ್ವಾ?

ಒಳಗೆ ಏನಿದೆ

ಇಷ್ಟು ತಿಳಿದಿರದಿದ್ದರೆ ಮುಂದಿನ ಹೋಲಿಕೆ ಅರ್ಥವಾಗುವುದಿಲ್ಲ. ಹ್ಯಾಶ್‌ಸೆಟ್ ತಾನಾಗಿ ಏನೂ ಮಾಡುವುದಿಲ್ಲ, ಅದರ ಹೊಟ್ಟೆಯೊಳಗೆ ಒಂದು ಹ್ಯಾಶ್‌ಮ್ಯಾಪ್ (ಕೀ, ವ್ಯಾಲ್ಯೂ ಅಂತ ಜೋಡಿ ಜೋಡಿಯಾಗಿ ಇಡುವ ಸಂಗ್ರಹ) ಕೂತಿರುತ್ತದೆ. ನೀವು ಹಾಕಿದ್ದು ಅದರಲ್ಲಿ ಕೀ ಆಗುತ್ತದೆ. ವ್ಯಾಲ್ಯೂ ಜಾಗದಲ್ಲಿ ಎಲ್ಲದಕ್ಕೂ ಒಂದೇ ಡಮ್ಮಿ ಆಬ್ಜೆಕ್ಟ್. ಅಂಚೆ ಕಚೇರಿಯಲ್ಲಿ ಕಾಗದ ಬೇರೆ ಮಾಡುವ ಗೂಡುಗಳನ್ನು ನೋಡಿದ್ದೀರಲ್ಲ, ಹಾಗೆಯೇ ಇದರಲ್ಲೂ ಸಾಲಾಗಿ ಬಕೆಟ್‌ಗಳಿವೆ. ಹಾಕಿದ್ದರಿಂದಲೇ ಲೆಕ್ಕ ಹಾಕಿ ತೆಗೆದ ಹ್ಯಾಶ್‌ಕೋಡ್ ಅನ್ನುವ ಸಂಖ್ಯೆ ಯಾವ ಬಕೆಟ್ ಅಂತ ತೋರಿಸುತ್ತದೆ. ಆ ಬಕೆಟ್‌ನಲ್ಲಿ ಆಗಲೇ ಇದೇ ಇದೆಯಾ ಅಂತ ತೀರ್ಮಾನ ಮಾಡುವುದು ಈಕ್ವಲ್ಸ್ ಮೆಥಡ್.

ಏನೂ ಹೇಳದಿದ್ದರೆ 16 ಬಕೆಟ್. ಲೋಡ್ ಫ್ಯಾಕ್ಟರ್ (ಬಕೆಟ್ ಸಂಖ್ಯೆಯ ಎಷ್ಟು ಭಾಗದಷ್ಟು ಎಲಿಮೆಂಟ್, ಅಂದರೆ ಒಳಗೆ ಹಾಕಿದ್ದು, ತುಂಬುವ ತನಕ ಸುಮ್ಮನಿರಬೇಕು ಅನ್ನುವ ಮಿತಿ) 0.75. ಅಂದರೆ 12 ಎಲಿಮೆಂಟ್ ತನಕ ಸುಮ್ಮನಿರುತ್ತದೆ, 13ನೆಯದು ಬಂದ ತಕ್ಷಣ ಬಕೆಟ್ ಸಂಖ್ಯೆ 32 ಆಗುತ್ತದೆ, ಒಳಗಿದ್ದವರೆಲ್ಲ ಮತ್ತೆ ಜಾಗ ನೋಡಿಕೊಳ್ಳಬೇಕು. ಬಕೆಟ್ ಸಂಖ್ಯೆ ಯಾವಾಗಲೂ 2ರ ಘಾತವೇ: 16, 32, 64, ಹೀಗೆ. ನೀವು 100 ಅಂದರೂ ಅದು 128 ಮಾಡಿಕೊಳ್ಳುತ್ತದೆ.

ಖಾಲಿ ಬ್ರಾಕೆಟ್, ಸಂಖ್ಯೆ ಇರುವ ಬ್ರಾಕೆಟ್

ಖಾಲಿ ಬ್ರಾಕೆಟ್‌ನಿಂದ ಶುರು ಮಾಡಿ ಒಂದು ಲಕ್ಷ ಪದ ತುಂಬಿದರೆ ಎಷ್ಟು ಸಲ ದುಪ್ಪಟ್ಟಾಗುತ್ತದೆ ಗೊತ್ತಾ? 14 ಸಲ. 16ರಿಂದ ಹೊರಟು 2,62,144ಕ್ಕೆ ಬಂದು ನಿಲ್ಲುತ್ತದೆ. ಕೇಳಿದರೆ ಭಯ ಆಗುತ್ತೆ, ಆದರೆ ಭಯ ಪಡಬೇಕಾದ್ದೇನಿಲ್ಲ. ಮೊದಲಿನ ದುಪ್ಪಟ್ಟುಗಳಲ್ಲಿ ಹತ್ತಿಪ್ಪತ್ತು ಎಲಿಮೆಂಟ್ ಅಷ್ಟೇ ಜಾಗ ಬದಲಿಸುವುದು, ಎಲ್ಲಾ ಕೂಡಿಸಿದರೂ ಒಂದು ಎಲಿಮೆಂಟ್‌ಗೆ ಸರಾಸರಿ ಎರಡು ಸಲಕ್ಕಿಂತ ಕಡಿಮೆ ಓಡಾಟ. ಫೈಲನ್ನು ಡಿಸ್ಕಿನಿಂದ ಓದುವ ಹೊತ್ತಿನ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬಹಳಷ್ಟು ಕೋಡ್‌ನಲ್ಲಿ ಖಾಲಿ ಬ್ರಾಕೆಟ್ಟೇ ಸರಿ. ಅದನ್ನು ನೋಡಿ ಯಾರಾದರೂ ಮೂಗು ಮುರಿದರೆ ಮುರಿಯಲಿ ಬಿಡಿ.

ಈಗ ನನ್ನ ಕತೆ. ಹ್ಯಾಶ್‌ಸೆಟ್(100000) ಅಂತ ಬರೆದಿದ್ದೆ. ಲಕ್ಷ ಪದಕ್ಕೆ ಲಕ್ಷ ಜಾಗ ಅಂತ ನನ್ನ ಲೆಕ್ಕ. ಆದರೆ ಆ ಸಂಖ್ಯೆ ಎಲಿಮೆಂಟ್‌ಗಳ ಲೆಕ್ಕವಲ್ಲ, ಬಕೆಟ್‌ಗಳ ಲೆಕ್ಕ! ಜಾವಾ ಅದನ್ನು ಮುಂದಿನ 2ರ ಘಾತಕ್ಕೆ, ಅಂದರೆ 1,31,072ಕ್ಕೆ ಏರಿಸುತ್ತದೆ. ಅದರ ಮುಕ್ಕಾಲು ಭಾಗ 98,304. ಹೀಗಾಗಿ 98,305ನೇ ಪದ ಬಂದಾಗ ಇಡೀ ಸೆಟ್ ಎದ್ದು ದೊಡ್ಡ ಮನೆಗೆ ಸಾಮಾನು ಸಾಗಿಸುತ್ತದೆ, ಬರೀ ಕೊನೆಯ 1,696 ಪದಗಳಿಗೋಸ್ಕರ. ದುಪ್ಪಟ್ಟಾಗದಿರಲಿ ಅಂತಲೇ ಸಂಖ್ಯೆ ಕೊಟ್ಟವನಿಗೆ ಎಲ್ಲಕ್ಕಿಂತ ದೊಡ್ಡ ದುಪ್ಪಟ್ಟೇ ಗಂಟುಬಿತ್ತು. ಗೆಳೆಯ ನಕ್ಕಿದ್ದು ಇದಕ್ಕೆ.

ಇದು ನನ್ನೊಬ್ಬನ ತಪ್ಪಲ್ಲ. ಈ ಗೊಂದಲ ಎಷ್ಟು ಹಳೆಯದು ಅಂದರೆ, ಜಾವಾ 19ರಲ್ಲಿ ಇದಕ್ಕೆಂದೇ ಹೊಸ ಮೆಥಡ್ ಸೇರಿಸಿದರು: ಹ್ಯಾಶ್‌ಸೆಟ್.ನ್ಯೂಹ್ಯಾಶ್‌ಸೆಟ್. ಇದಕ್ಕೆ ಎಲಿಮೆಂಟ್ ಎಷ್ಟು ಅಂತ ಹೇಳಿದರೆ ಸಾಕು, ಬಕೆಟ್ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಲಕ್ಷ ಅಂದರೆ ನೇರವಾಗಿ 2,62,144 ಬಕೆಟ್, ನಡುವೆ ಎಲ್ಲೂ ದುಪ್ಪಟ್ಟಾಗುವುದಿಲ್ಲ. ಹಳೆಯ ಆವೃತ್ತಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಎಲಿಮೆಂಟ್ ಸಂಖ್ಯೆಯನ್ನು 0.75ರಿಂದ ಭಾಗಿಸಿ, ಒಂದು ಕೂಡಿಸಿ ಕೊಡಿ. ಪ್ರಾಜೆಕ್ಟ್‌ನಲ್ಲಿ ಗ್ವಾವಾ ಲೈಬ್ರರಿ ಇದ್ದರೆ ಅದರಲ್ಲೂ ಇದೇ ಕೆಲಸದ ಮೆಥಡ್ ಇದೆ.

ಹಾಗಂತ "ದೊಡ್ಡದೇ ಇರಲಿ" ಅಂತ ಹತ್ತು ಲಕ್ಷ ಕೊಟ್ಟು, ಹತ್ತೇ ಹತ್ತು ಎಲಿಮೆಂಟ್ ಹಾಕುವವರೂ ಇದ್ದಾರೆ. ಮೊದಲ ಎಲಿಮೆಂಟ್ ಹಾಕಿದ ಕೂಡಲೇ 10,48,576 ಬಕೆಟ್ ತೆರೆಯುತ್ತದೆ, ಅಲ್ಲಿಗೇ 4 ಎಂಬಿ ಹೋಯಿತು. ಅದು ಹೋಗಲಿ. ಈ ಸೆಟ್ ಮೇಲೆ ಲೂಪ್ ಓಡಿಸಿದಾಗ ಆ ಹತ್ತು ಎಲಿಮೆಂಟ್‌ಗೋಸ್ಕರ ಹತ್ತು ಲಕ್ಷ ಖಾಲಿ ಬಕೆಟ್ ಇಣುಕಿ ನೋಡಬೇಕು, ಪ್ರತಿ ಸಲವೂ. ಕ್ಲಿಯರ್ ಮಾಡಿದರೂ ಬಕೆಟ್ ಕಡಿಮೆ ಆಗುವುದಿಲ್ಲ, ಒಳಗಿದ್ದದ್ದು ಮಾತ್ರ ಹೋಗುತ್ತದೆ. ಒಂದು ಸಲ ಊದಿಕೊಂಡ ಸೆಟ್ ಊದಿಕೊಂಡೇ ಇರುತ್ತದೆ. ಸಣ್ಣದು ಬೇಕಾದರೆ ಹೊಸದು ಕಟ್ಟಿ.

ಎರಡು ಸಂಖ್ಯೆ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರ್ (ಸೆಟ್ ಕಟ್ಟಿಕೊಡುವ ಕೋಡ್) ಇನ್ನೊಂದಿದೆ, ಎರಡನೆಯದು ಲೋಡ್ ಫ್ಯಾಕ್ಟರ್. ಅದನ್ನು ಮುಟ್ಟಬೇಡಿ. 0.5 ಮಾಡಿ, 0.9 ಮಾಡಿ ಅಳೆದು ನೋಡುವುದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಮುಂದೆ ಆ ಕೋಡ್ ಓದುವವರು "ಇದೇನೋ ಕಾರಣ ಇರಬೇಕು" ಅಂತ ತಲೆ ಕೆಡಿಸಿಕೊಳ್ಳುತ್ತಾರೆ ಅಷ್ಟೇ.

ಲಿಸ್ಟ್ ಕೊಟ್ಟು ಸೆಟ್ ಮಾಡುವುದು

ನನಗೆ ಬಹಳ ಇಷ್ಟವಾದ ದಾರಿ ಇದು. ಕೈಯಲ್ಲಿ ಆಗಲೇ ಒಂದು ಲಿಸ್ಟ್ ಇದ್ದರೆ ಅದನ್ನೇ ಬ್ರಾಕೆಟ್ ಒಳಗೆ ಕೊಡಿ, ಸೆಟ್ ರೆಡಿ. ಲಿಸ್ಟ್‌ನ ಉದ್ದ ನೋಡಿ ಎಷ್ಟು ಬಕೆಟ್ ಬೇಕು ಅಂತ 0.75ರ ಲೆಕ್ಕವನ್ನೂ ಅದೇ ಮಾಡಿಕೊಳ್ಳುತ್ತದೆ, ಅಂದರೆ ನಾನು ಎಡವಿದ ಜಾಗದಲ್ಲಿ ಇದು ಎಡವುವುದಿಲ್ಲ. ಲಿಸ್ಟ್‌ನಲ್ಲಿ ನಕಲುಗಳೇ ಜಾಸ್ತಿ ಇದ್ದರೆ ಮಾತ್ರ ಬಕೆಟ್ ಕೊಂಚ ಹೆಚ್ಚಾಗಬಹುದು.

ನೆನಪಿಡಬೇಕಾದ್ದು: ಕಾಪಿ ಆಗುವುದು ಸೆಟ್ ಮಾತ್ರ, ಒಳಗಿನ ಆಬ್ಜೆಕ್ಟ್‌ಗಳು ಅವೇ. ಲಿಸ್ಟ್‌ನ ಕಡೆಯಿಂದ ಯಾರಾದರೂ ಆಬ್ಜೆಕ್ಟನ್ನು ತಿದ್ದಿದರೆ ಸೆಟ್‌ನಲ್ಲಿರುವುದೂ ಅದೇ ಆದ್ದರಿಂದ ಅದೂ ತಿದ್ದಿಹೋಗುತ್ತದೆ. ಮತ್ತೆ ಒಂದು ಹಳೆಯ ಗುಂಡಿ ಇದೆ, ಇಂಟ್ ಅರೇಯನ್ನು ಅರೇಸ್.ಆಸ್‌ಲಿಸ್ಟ್ ಮೂಲಕ ಕಳಿಸಿದರೆ ಸಂಖ್ಯೆಗಳ ಸೆಟ್ ಬರುವುದಿಲ್ಲ. ಇಡೀ ಅರೇಯೇ ಒಂದು ಎಲಿಮೆಂಟ್ ಆಗಿ, ಒಂದೇ ಎಲಿಮೆಂಟ್‌ನ ಸೆಟ್ ಬರುತ್ತದೆ. ಇಂಟ್ ಅರೇ ಇದ್ದರೆ ಸ್ಟ್ರೀಮ್ ಮಾಡಿ, ಬಾಕ್ಸ್ ಮಾಡಿ (ಅಂದರೆ ಪ್ರತಿ ಸಂಖ್ಯೆಯನ್ನೂ ಆಬ್ಜೆಕ್ಟ್ ಮಾಡಿ), ಆಮೇಲೆ ಕೂಡಿಸಿ.

ಸ್ಟ್ರೀಮ್ ಅಂದಾಗ ನೆನಪಾಯಿತು. ಕಲೆಕ್ಟರ್ಸ್.ಟುಸೆಟ್ ಅಂತ ಬರೆದು ಹ್ಯಾಶ್‌ಸೆಟ್ ಸಿಕ್ಕಿತು ಅಂದುಕೊಳ್ಳುತ್ತೇವೆ. ಈಗ ಸಿಗುವುದು ಹ್ಯಾಶ್‌ಸೆಟ್ಟೇ ನಿಜ. ಆದರೆ ಯಾವ ತರಹದ ಸೆಟ್ ಬರುತ್ತದೆ, ಅದಕ್ಕೆ ಆಮೇಲೆ ಸೇರಿಸಬಹುದಾ ಇಲ್ಲವಾ, ಯಾವುದಕ್ಕೂ ಅದು ಮಾತು ಕೊಟ್ಟಿಲ್ಲ. ಹ್ಯಾಶ್‌ಸೆಟ್ಟೇ ಬೇಕು ಅಂದರೆ ಟುಕಲೆಕ್ಷನ್ ಅಂತ ಬರೆದು ಯಾವುದು ಬೇಕೋ ಅದರ ಹೆಸರು ಹೇಳಿ. ಬದಲಾಗದ್ದು ಬೇಕು ಅಂದರೆ ಜಾವಾ 10ರಿಂದ ಟುಅನ್‌ಮಾಡಿಫೈಯಬಲ್‌ಸೆಟ್ ಇದೆ.

ಬದಲಾಗದ ಸೆಟ್

2017ರಲ್ಲಿ ಜಾವಾ 9 ಬಂದಾಗ ಸೆಟ್.ಆಫ್ ಬಂತು. ಒಂದೇ ಸಾಲಿನಲ್ಲಿ ನಾಲ್ಕೈದು ಪದ ಬರೆದು ಸೆಟ್ ಮಾಡಿಬಿಡಬಹುದು. ಅದಕ್ಕೂ ಮುಂಚೆ ಇದೇ ಕೆಲಸಕ್ಕೆ ಎರಡೆರಡು ಹೂಬ್ರಾಕೆಟ್ ಹಾಕುವ ಚಾಳಿ ಒಂದಿತ್ತು. ಹೊರಗಿನ ಬ್ರಾಕೆಟ್ ಹೆಸರಿಲ್ಲದ ಹೊಸ ಕ್ಲಾಸ್ ಹುಟ್ಟಿಸುತ್ತದೆ, ಒಳಗಿನದು ಅದರಲ್ಲಿ ಎಲಿಮೆಂಟ್ ತುಂಬುತ್ತದೆ. ನೋಡೋಕೆ ಚೆನ್ನಾಗಿದೆ. ಆದರೆ ಪ್ರತಿ ಸಲ ಬರೆದಾಗಲೂ ಒಂದು ಹೊಸ ಕ್ಲಾಸ್ ಫೈಲ್, ಮೇಲಾಗಿ ಆ ಸೆಟ್ ತನ್ನ ಹೊರಗಿನ ಆಬ್ಜೆಕ್ಟಿನ ಸೆರಗು ಹಿಡಿದುಕೊಂಡೇ ಇರುವುದರಿಂದ ಅದನ್ನೂ ಮೆಮೊರಿಯಿಂದ ಹೋಗಲು ಬಿಡುವುದಿಲ್ಲ. ಎಲ್ಲಾದರೂ ಕಂಡರೆ ಸದ್ದಿಲ್ಲದೆ ಅಳಿಸಿಬಿಡಿ.

ಸೆಟ್.ಆಫ್‌ಗೂ ಹ್ಯಾಶ್‌ಸೆಟ್‌ಗೂ ನಡತೆಯಲ್ಲಿ ಬಹಳ ವ್ಯತ್ಯಾಸ. ಹ್ಯಾಶ್‌ಸೆಟ್ ಯಾರನ್ನು ಬೇಕಾದರೂ ಒಳಗೆ ಬಿಟ್ಟುಕೊಳ್ಳುವ ಛತ್ರ ಇದ್ದ ಹಾಗೆ: ನಲ್ (ಏನೂ ಇಲ್ಲ ಅನ್ನುವುದರ ಗುರುತು) ಬಂದರೂ ಬಾ ಅನ್ನುತ್ತದೆ, ಇದ್ದದ್ದೇ ಮತ್ತೆ ಬಂದರೆ ಗಲಾಟೆ ಮಾಡದೆ ಬಿಟ್ಟುಬಿಡುತ್ತದೆ. ಸೆಟ್.ಆಫ್ ಹಾಗಲ್ಲ. ಒಂದೇ ಪದ ಎರಡು ಸಲ ಬರೆದಿದ್ದರೆ ಎಕ್ಸೆಪ್ಶನ್, ಅಂದರೆ ಪ್ರೋಗ್ರಾಂ ಓಡುವಾಗ ಎರರ್. ನಲ್ ಕೊಟ್ಟರೆ ಎಕ್ಸೆಪ್ಶನ್. ನಲ್ ಇದೆಯಾ ಅಂತ ಕೇಳಿದರೂ ಎಕ್ಸೆಪ್ಶನ್, ಇದು ನನಗೆ ಕೊಂಚ ಅತಿ ಅನ್ನಿಸುತ್ತದೆ. ಹಳೆಯ ಕೋಡ್‌ನಲ್ಲಿ ಹ್ಯಾಶ್‌ಸೆಟ್ ತೆಗೆದು ಸೆಟ್.ಆಫ್ ಹಾಕುವವರು ಈ ಮೂರನೆಯದರಲ್ಲೇ ಸಿಕ್ಕಿಬೀಳುವುದು, ಯಾಕಂದರೆ ಕಂಪೈಲ್ ಆಗುತ್ತೆ, ಟೆಸ್ಟ್ ಪಾಸ್ ಆಗುತ್ತೆ, ಯಾವತ್ತೋ ಒಂದು ದಿನ ಯೂಸರ್ ಒಂದು ಫೀಲ್ಡ್ ತುಂಬದೆ ಬಿಟ್ಟಾಗ ಪ್ರೊಡಕ್ಷನ್‌ನಲ್ಲಿ ಬೀಳುತ್ತೆ.

ಇನ್ನೊಂದು ಚೇಷ್ಟೆ ಕೇಳಿ. ಸೆಟ್.ಆಫ್ ಮೇಲೆ ಲೂಪ್ ಓಡಿಸಿದಾಗ ಬರುವ ಕ್ರಮ, ಪ್ರೋಗ್ರಾಂ ಮತ್ತೆ ಶುರು ಮಾಡಿದಾಗ ಬೇರೆಯಾಗಬಹುದು. ಬೇಕು ಅಂತಲೇ ಹಾಗೆ ಮಾಡಿದ್ದಾರೆ. ಸೆಟ್‌ಗೆ ಕ್ರಮ ಇಲ್ಲ ಅಂತ ಎಷ್ಟು ಹೇಳಿದರೂ, ಹ್ಯಾಶ್‌ಸೆಟ್ ಪ್ರತಿ ಸಲ ಒಂದೇ ಕ್ರಮ ತೋರಿಸುವುದನ್ನು ನೋಡಿ ಜನ ಅದನ್ನೇ ನಂಬಿ ಟೆಸ್ಟ್ ಬರೆದುಬಿಡುತ್ತಾರೆ. ನಂಬಬೇಡಿ ಅಂತ ಹೇಳುವ ಬದಲು ನಂಬೋಕೇ ಆಗದ ಹಾಗೆ ಮಾಡಿದರು. ನನಗೆ ಇದು ಒಳ್ಳೆಯ ಕೆಲಸ ಅನ್ನಿಸಿತು.

ಸೆಟ್.ಕಾಪಿಆಫ್ ಬಂದಿದ್ದು ಅದರ ಮರುವರ್ಷ, ಜಾವಾ 10ರಲ್ಲಿ. ಇದ್ದ ಲಿಸ್ಟ್ ಅಥವಾ ಸೆಟ್ ಕೊಟ್ಟರೆ ಬದಲಾಗದ ಕಾಪಿ ಕೊಡುತ್ತದೆ, ನಕಲು ಇದ್ದರೆ ಬೈಯುವುದಿಲ್ಲ. ಇದನ್ನು ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಸೆಟ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಕಾಪಿಯಲ್ಲ, ಗಾಜಿನ ಬಾಗಿಲು: ನೀವು ಆ ಕಡೆಯಿಂದ ಮುಟ್ಟೋಕೆ ಆಗಲ್ಲ, ಆದರೆ ಒಳಗಿರುವವರು ಸಾಮಾನು ಬದಲಿಸಿದರೆ ನಿಮಗೂ ಬದಲಾದದ್ದೇ ಕಾಣುತ್ತದೆ.

ಮೆಮೊರಿ ಲೆಕ್ಕ ನೋಡಿದರೆ ಬದಲಾಗದ ಸೆಟ್ ಯಾಕೆ ಒಳ್ಳೆಯದು ಅಂತ ಗೊತ್ತಾಗುತ್ತದೆ. 64 ಬಿಟ್ ಜಾವಾದ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹ್ಯಾಶ್‌ಸೆಟ್ ಪ್ರತಿ ಎಲಿಮೆಂಟ್‌ಗೂ 32 ಬೈಟ್‌ನ ಒಂದು ನೋಡ್ ಮಾಡುತ್ತದೆ. ಲಕ್ಷ ಪದಕ್ಕೆ 32 ಲಕ್ಷ ಬೈಟ್, ಅದರ ಮೇಲೆ ಬಕೆಟ್‌ಗಳ ಸಾಲಿಗೆ ಹತ್ತೂವರೆ ಲಕ್ಷ. ಸೆಟ್.ಕಾಪಿಆಫ್ ಕೊಡುವ ಸೆಟ್‌ನಲ್ಲಿ ನೋಡ್ ಇಲ್ಲವೇ ಇಲ್ಲ, ಎಲಿಮೆಂಟ್ ಸಂಖ್ಯೆಯ ಎರಡರಷ್ಟು ಉದ್ದದ ಒಂದು ಅರೇ ಅಷ್ಟೇ. ಲಕ್ಷ ಪದಕ್ಕೆ 8 ಲಕ್ಷ ಬೈಟ್. ಪದಗಳ ಅಕ್ಷರಗಳಿಗೆ ಬೇಕಾದ ಜಾಗ ಎರಡರಲ್ಲೂ ಒಂದೇ, ಅದನ್ನು ಬಿಟ್ಟು ಹೇಳುತ್ತಿದ್ದೇನೆ. ಸ್ಪೆಲ್‌ಚೆಕ್ಕರ್‌ನ ಪದಪಟ್ಟಿಯನ್ನು ಶುರುವಿನಲ್ಲಿ ಒಂದು ಸಲ ಓದಿ ಆಮೇಲೆ ಬರೀ "ಇದೆಯಾ?" ಅಂತ ಕೇಳುತ್ತಿರುತ್ತೇವೆ ತಾನೆ? ಹಾಗಾಗಿ ನಾನು ಮೊದಲು ಮಾಮೂಲಿ ಹ್ಯಾಶ್‌ಸೆಟ್‌ನಲ್ಲಿ ತುಂಬಿಸಿ, ಕೊನೆಗೆ ಕಾಪಿಆಫ್ ಮಾಡಿ, ಮೊದಲಿನದನ್ನು ಬಿಟ್ಟುಬಿಟ್ಟೆ.

ಹ್ಯಾಶ್‌ಸೆಟ್ಟೇ ಬೇಡವಾದಾಗ

ಹಾಕಿದ ಕ್ರಮದಲ್ಲೇ ವಾಪಸ್ ಬರಬೇಕು ಅಂದರೆ ಲಿಂಕ್ಡ್‌ಹ್ಯಾಶ್‌ಸೆಟ್. ಮೆಮೊರಿ ಕೊಂಚ ಜಾಸ್ತಿ, ಆದರೆ ಲೂಪ್ ಓಡಿಸುವಾಗ ಖಾಲಿ ಬಕೆಟ್ ನೋಡುವ ಗೋಳು ಇಲ್ಲ. ಕಾಟ್ಲಿನ್ ಬರೆಯುವವರಿಗೆ ಸೆಟ್‌ಆಫ್ ಅಂದರೆ ಸಿಗುವುದು ಇದೇ, ಅದಕ್ಕೇ ಅಲ್ಲಿಂದ ಬಂದವರಿಗೆ ಜಾವಾದ ಸೆಟ್.ಆಫ್ ಕ್ರಮ ಕಲಸಿದಾಗ ಸಿಟ್ಟು ಬರುವುದು. ಈನಮ್ (ಮೊದಲೇ ಪಟ್ಟಿ ಮಾಡಿಟ್ಟ ಬೆಲೆಗಳಷ್ಟೇ ಇರುವ ಟೈಪ್) ಆದರೆ ಯೋಚನೆಯೇ ಬೇಡ, ಈನಮ್‌ಸೆಟ್: 64 ಬೆಲೆಗಳ ತನಕ ಇಡೀ ಸೆಟ್ ಒಂದೇ ಒಂದು ಲಾಂಗ್ ಸಂಖ್ಯೆಯಲ್ಲಿ ಮುಗಿದುಹೋಗುತ್ತದೆ. ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ಓಡುವ ಕೆಲಸಗಳು) ಒಟ್ಟಿಗೆ ಬರೆಯುತ್ತವೆ ಅಂದರೆ ಹ್ಯಾಶ್‌ಸೆಟ್ ಬೇಡವೇ ಬೇಡ, ಕಾನ್‌ಕರೆಂಟ್‌ಹ್ಯಾಶ್‌ಮ್ಯಾಪ್.ನ್ಯೂಕೀಸೆಟ್ ತೆಗೆದುಕೊಳ್ಳಿ, ಜಾವಾ 8ರಿಂದ ಇದೆ.

ಅಕಾರಾದಿ ಬೇಕು ಅಂತ ಟ್ರೀಸೆಟ್ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ, ಕನ್ನಡದವರಿಗಂತೂ ಮುಖ್ಯ. ಟ್ರೀಸೆಟ್ ಜೋಡಿಸುವುದು ಯೂನಿಕೋಡ್ ಸಂಖ್ಯೆಯ ಪ್ರಕಾರ. ಯೂನಿಕೋಡ್‌ನಲ್ಲಿ ಳ ಬರುವುದು ಲ ಆದಮೇಲೆ, ವ ಬರುವ ಮುಂಚೆ. ನಮ್ಮ ಅಕ್ಷರಮಾಲೆಯಲ್ಲಿ ಅದರ ಜಾಗ ಹ ಆದಮೇಲೆ, ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಟ್ರೀಸೆಟ್‌ನಲ್ಲಿ "ಬಳೆ" ಮೊದಲು, "ಬಸವ" ಆಮೇಲೆ. ನಿಘಂಟಿನಲ್ಲಿ ಬಸವನೇ ಮುಂದೆ. ಸರಿ ಮಾಡೋಕೆ ಕನ್ನಡದ ಕ್ರಮ ಬಲ್ಲ ಒಂದು ಕಂಪೇರೇಟರನ್ನು (ಎರಡರಲ್ಲಿ ಯಾವುದು ಮೊದಲು ಅಂತ ಹೇಳುವ ಕೋಡ್) ಟ್ರೀಸೆಟ್‌ನ ಬ್ರಾಕೆಟ್‌ನಲ್ಲಿ ಕೊಡಬೇಕು.

ಯಾವುದರಲ್ಲಿ ಅನ್ನುವುದಕ್ಕಿಂತ, ಏನನ್ನು ಹಾಕುತ್ತೀರಿ

ಇಷ್ಟೆಲ್ಲ ಹೋಲಿಸಿದ ಮೇಲೆ ನಿಜ ಹೇಳುತ್ತೇನೆ. ಕನ್‌ಸ್ಟ್ರಕ್ಟರ್ ತಪ್ಪಾಗಿ ಆರಿಸಿದರೆ ಕೆಲವು ಮಿಲಿಸೆಕೆಂಡ್ ಹೋಗಬಹುದು, ಕೆಲವು ಎಂಬಿ ಹೋಗಬಹುದು. ಒಳಗೆ ಹಾಕುವುದು ತಪ್ಪಾದರೆ ಉತ್ತರವೇ ತಪ್ಪು.

ನಿಮ್ಮದೇ ಕ್ಲಾಸ್‌ಗೆ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಬರೆಯದೆ ಸೆಟ್‌ಗೆ ಹಾಕಿದರೆ ಪ್ರತಿ ಆಬ್ಜೆಕ್ಟೂ ಬೇರೆಯೇ, ನಕಲು ಎಷ್ಟಾದರೂ ಒಳಗೆ ಬರುತ್ತದೆ. ಜಾವಾ 16ರಿಂದ ರೆಕಾರ್ಡ್ ಅನ್ನುವ, ಡೇಟಾ ಇಡೋಕೆಂದೇ ಮಾಡಿದ ಕ್ಲಾಸ್ ಇದೆ, ಅದು ಎರಡನ್ನೂ ತಾನೇ ಬರೆದುಕೊಡುತ್ತದೆ, ಅದನ್ನೇ ಬಳಸಿ. ಒಳಗೆ ಹಾಕಿದ ಮೇಲೆ ಆಬ್ಜೆಕ್ಟಿನ ಫೀಲ್ಡ್ ಬದಲಿಸಿದರೆ ಅದು ಹಳೆಯ ಬಕೆಟ್‌ನಲ್ಲೇ ಉಳಿದುಬಿಡುತ್ತದೆ, ಹೊಸ ಹ್ಯಾಶ್‌ಕೋಡ್ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಸೆಟ್‌ನಲ್ಲಿ ಇರುತ್ತದೆ, ಆದರೆ ಇಲ್ಲ ಅನ್ನುತ್ತದೆ.

ಎರಡು ಬೇರೆ ಪದಗಳಿಗೆ ಒಂದೇ ಹ್ಯಾಶ್‌ಕೋಡ್ ಬಂದರೆ ಒಂದು ಕಳೆದುಹೋಗುತ್ತದಾ ಅಂತ ಹೊಸಬರು ಕೇಳುವುದುಂಟು. ಇಲ್ಲ. ಜಾವಾ ಸ್ಟ್ರಿಂಗ್‌ನ ಲೆಕ್ಕ ಸರಳ: ಈ ತನಕದ ಮೊತ್ತವನ್ನು 31ರಿಂದ ಗುಣಿಸಿ, ಮುಂದಿನ ಅಕ್ಷರದ ಸಂಖ್ಯೆ ಕೂಡಿಸು. ನಾನು ಕನ್ನಡದಲ್ಲೇ ಒಂದು ಜೋಡಿ ಹುಡುಕಿದೆ: "ಛೇ" ಮತ್ತು "ಜನ". ಛ ಸಂಖ್ಯೆ 3227, ಏಕಾರದ ಚಿಹ್ನೆ 3271. ಜ 3228, ನ 3240. ಲೆಕ್ಕ ಹಾಕಿ ನೋಡಿ, ಎರಡಕ್ಕೂ 1,03,308 ಬರುತ್ತದೆ. ಛೇ, ಜನ! ಇವೆರಡೂ ಒಂದೇ ಬಕೆಟ್‌ಗೆ ಹೋಗುತ್ತವೆ, ಆದರೆ ಈಕ್ವಲ್ಸ್ ಇವು ಬೇರೆ ಅನ್ನುವುದರಿಂದ ಎರಡೂ ಉಳಿಯುತ್ತವೆ. ಒಂದೇ ಬಕೆಟ್‌ನಲ್ಲಿ ತೀರಾ ಜನಜಂಗುಳಿ ಆದರೆ, ಜಾವಾ 8ರಿಂದ ಆ ಬಕೆಟ್‌ನ ಸಾಲು ಮರವಾಗಿ ಬದಲಾಗುತ್ತದೆ, ಹುಡುಕಾಟ ತೀರಾ ನಿಧಾನ ಆಗದಿರಲಿ ಅಂತ.

ನನಗೆ ನಿಜವಾಗಿ ತಲೆನೋವು ಕೊಟ್ಟಿದ್ದು ಇದರ ತಿರುಗುಮುರುಗು: ಕಣ್ಣಿಗೆ ಒಂದೇ, ಜಾವಾಗೆ ಬೇರೆ. "ಕೊಡೆ" ಅನ್ನುವ ಪದದ ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಖ್ಯೆಯಾಗಿ ಬರೆಯಬಹುದು, ಇಲ್ಲವೇ ಎಕಾರದ ಚಿಹ್ನೆ ಆಮೇಲೆ ಊಕಾರದ ಚಿಹ್ನೆ ಅಂತ ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ "ಕೊಡೆ". ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಿದ ಒಂದು ಫೈಲಿನಲ್ಲಿ ಎರಡನೇ ತರಹದವು ಬೇಕಾದಷ್ಟು ಇದ್ದವು. ಸೆಟ್ ಎರಡನ್ನೂ ಇಟ್ಟುಕೊಂಡಿತು, ಅದರ ತಪ್ಪೇನೂ ಇಲ್ಲ. ಸೆಟ್‌ಗೆ ಹಾಕುವ ಮುಂಚೆ ನಾರ್ಮಲೈಸರ್ ಕ್ಲಾಸ್‌ನ ಎನ್‌ಎಫ್‌ಸಿ ರೂಪಕ್ಕೆ (ಹೀಗೆ ಬಿಡಿಬಿಡಿಯಾದ ಚಿಹ್ನೆಗಳನ್ನು ಒಂದೇ ಸಂಖ್ಯೆಯಾಗಿ ಕೂಡಿಸಿದ ರೂಪ) ತಂದರೆ ಇದು ಸರಿಹೋಗುತ್ತದೆ. ಈಕಾರ, ಏಕಾರ, ಐಕಾರ, ಓಕಾರಗಳದ್ದೂ ಇದೇ ಕತೆ, ಇದೇ ಮದ್ದು.

ಅಷ್ಟು ಮಾಡಿದ ಮೇಲೂ ಪಟ್ಟಿಯಲ್ಲಿ ಜೋಡಿಗಳು ಉಳಿದಿದ್ದವು. ಎರಡು ಸಂಜೆ ಹಿಡಿಯಿತು ಪತ್ತೆ ಮಾಡೋಕೆ. ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿತ್ತು, ಒತ್ತಕ್ಷರ ಆಗದಿರಲಿ ಅಂತ ಟೈಪ್ ಮಾಡುವಾಗ ಹಾಕುತ್ತೇವಲ್ಲ, ಅದೇ. ಪದದ ನಡುವೆ ಅದು ಬೇಕು, ಕೊನೆಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ಟ್ರಿಮ್ ಕೂಡ ತೆಗೆಯುವುದಿಲ್ಲ, ಹುಡುಕಿ ನಾವೇ ಕತ್ತರಿಸಬೇಕು. ಹಾಗೆ ಎರಡೆರಡು ಸಲ ಕೂತಿದ್ದ ಪದಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಯಾವುದು ಗೊತ್ತಾ? "ಸೆಟ್".